ಗಡಿಯಾಚೆಗೆ ಒಂದು ದಿನ

ಎಪ್ಪತ್ನಾಲ್ಕರ ಬೇಸಿಗೆ ರಜೆ. ಕಾಶಿಯ ಗೋದೌಲಿಯಾ ಚೌಕದಲ್ಲಿ ಕನ್ನಡ ಕೇಳಿ ನನ್ನ ಕಿವಿ ನೆಟ್ಟಗಾಯಿತು. ಊರಿಂದ ಬಂದ ಮಗ, ಕಾಶೀವಾಸಕ್ಕಿದ್ದ ತಾಯಿ ರಿಕ್ಷಾ ಕಾಯುತ್ತಿದ್ದರು.

“ಸಾರನಾಥದಲ್ಲಿ ಜಿಂಕೆಗಳಿವೆ, ರಾಮನಗರದಲ್ಲಿ ಕೋಟೆ. ಮಕ್ಕಳಿಗೆ ಯಾವುದು ಚೆನ್ನಾಗಿರತ್ತಮ್ಮ?”

“ಎರಡೂ ಕಾಶಿ ಗಡಿಯಿಂದಾಚೆಗೆ ಕಣೋ. ಸಾಯೋವರೆಗೂ ದಾಟಲ್ಲ ಅಂತ ಸಂಕಲ್ಪ ಮಾಡಿದೀನಿ. ನೀವು ಹೋಗ್ಬನ್ನಿ.”

“ನೀನಿಲ್ದೆ ಮಕ್ಕಳು ಹೊರಡಲ್ಲ. ಸಂಜೆಗೆ ಬಂದ್ಬಿಡ್ತೀವಲ್ಲ.”

“ನಿಮ್ಮಪ್ಪನೂ ಹಾಗೇ ಹೇಳಿ ರಾಮನಗರದ ದೋಣಿ ಹತ್ತಿದ್ರು. ಆಚೆ ದಡದಲ್ಲೇ ಪ್ರಾಣ ಹೋಯ್ತು.”

“ಹಾಗಾದ್ರೆ ಸಾರನಾಥಕ್ಕೇ ಹೋಗೋಣ. ರಿಕ್ಷಾ ಬಂತು ನೋಡು. ಮನೆಗೆ ಹೋಗಿ ಮಕ್ಕಳನ್ನ ಕರ್ಕೊಂಡು ಹೊರಡೋಣ.”

ಆಕೆ ರಿಕ್ಷಾದತ್ತ ಹೆಜ್ಜೆ ಹಾಕಿದರು.

“ಆಯ್ತು. ನನ್ನ ಗಂಗಾಜಲದ ಗಿಂಡಿನೂ ತಗೊಳ್ತೀನಿ.”

“ಕುಡಿಯೋ ನೀರು ಅಲ್ಲೂ ಸಿಗತ್ತಮ್ಮ.”

“ಬಾಯಾರಿಕೆಗಲ್ಲಪ್ಪ,” ಎಂದು ಆಕೆ ರಿಕ್ಷಾ ಹತ್ತಿದರು.