ಹಿಂದಿನ ಖೋಲಿಯ ರೇಡಿಯೋ

ಕಡೀ ಬಸ್ ಇಳದು ಅಭಿನಂದನ ಒಬ್ಬನ ತನ್ನ ಮನಿ ಕಡೆ ನಡಕೋತ ಬರಾಕತ್ತಿದ್ದ. ಗೋಕಾಕದಿಂದ ಮೂಡಲಗಿಗೆ ಬರೂ ಬಸ್ಸು ಹಾದ್ಯಾಗ ಪಂಕ್ಚರ್ ಆಗಿ ತಡಾ ಆಗಿತ್ತು. ಸ್ಟ್ಯಾಂಡಿನ ಚಾದಂಗಡಿ ಮುಚ್ಚಿತ್ತು. ಕರೆಂಟ್ ಹೋಗಿತ್ತು. ಊರಿಗೆ ಊರ ಕತ್ತಲಿ...

ಇಂವ ನನ್ನ ದೊಡ್ಡಪ್ಪನ ಮಗ. ನನಗ ಅಣ್ಣ ಆಗಬೇಕು. ಈಗ ಹುಕ್ಕೇರ್ಯಾಗ ಅಂಗಡಿ ಹಾಕ್ಯಾನ, ಹೆಂಡ್ತಿ ಮಕ್ಕಳು ಅದಾರ, ಚಲೋ ಅದಾನ. ಆದ್ರ ಅವನ್ನ ಈ ಮಾತ ಕೇಳಿದ್ರ ಎದ್ದ ಹೋಗಿಬಿಡ್ತಾನ. ಅದಕ್ಕ ನಾ ಹೇಳತೇನಿ. ನಾ ಆ ಮನ್ಯಾಗ ಇದ್ದೆ.

ಆಲದ ಗಿಡದ ಬುಡಕ್ಕ ಒಂದು ಹಾಳ ಬಾವಿ ಐತಿ. ಅದನ್ನ ದಾಟಿದ್ರ ನಮ್ಮ ಓಣಿ. ಬಾವಿ ಹತ್ರ ಬರೂದ್ರಾಗ ಅವಗ ಹಾಡ ಕೇಳಿಸ್ತು. ಮಾತಿಲ್ಲದ ಹಾಡು... ಬರೇ ಪಿಯಾನೋ. ಟಿಣ್... ಟಿಣ್ ಟಿಣ್... ಪರದೇಶದ ಸ್ಟೇಷನ್ನು, ಅಂವ ದಿನಾ ಕಂಪ್ಯೂಟರಿನ್ಯಾಗ ಕೇಳ್ತಿದ್ದದ್ದು. ನಮ್ಮ ಮನಿ ಕಡಿಂದನ ಬರಾಕತ್ತಿತ್ತು. ‘ಮೇಘಾ ನನ್ನ ಕಂಪ್ಯೂಟರ್ ಚಾಲೂ ಮಾಡ್ಯಾಳ. ತಡಿ, ಇಕಿಗೆ ಮಾಡ್ತೇನಿ’ ಅಂತ ಹೆಜ್ಜಿ ಜೋರ ಹಾಕಿದ. ಮೇಘಾ ಅಂದ್ರ ನಾನ.

ಸ್ವಲ್ಪ ಮುಂದ ಹೋದಾಂವ ಗಕ್ಕನ ನಿಂತ.

ಕರೆಂಟ್ ಇಲ್ಲ... ಹಾಡ ಹೆಂಗ?

ಕಿವಿಗೊಟ್ಟು ಕೇಳ್ದ. ಪಿಯಾನೋದ ತಳಗ ಇನ್ನೊಂದು ಸಪ್ಪಳಾ ಇತ್ತು. ದಬ್... ದಬ್... ದಬ್. ಅಂಗೈಲೆ ಕಟಗಿ ಬಡದಂಗ.

ಓಡಿದ. ಓಣಿ ಮೂಲಿ ತಿರುಗಿದ ಕೂಡ್ಲೆ ಎಲ್ಲಾ ನಿಂತ ಹೋತು. ಮನಿ ಗಪ್ಪ. ಕಟ್ಟಿ ಮ್ಯಾಲ ನಮ್ಮ ಅಜ್ಜಿ ಕುಂತಿದ್ಳು. ರಾಜಮತಿ ಅಂತ ಹೆಸರು, ನಾವು ಆಯಿ ಅಂತಿದ್ವಿ. ಹೊತ್ತ ಮುಳುಗೂಕಿಂತ ಮೊದಲ ಊಟಾ ಮುಗಿಸಿ ಮಲಗೂ ಜೀವ ಅದು. ಕಿವಿ ಮಂದ. ಕುಕ್ಕರ್ ಸೀಟಿ ಹೊಡದ್ರೂ ಅಕಿಗೆ ಕೇಳಿಸ್ತಿರಲಿಲ್ಲ.

“ಆಯಿ, ಮಲಗಿಲ್ಲಾ?” ಅಂತ ಅಕಿ ಕಿವ್ಯಾಗ ಕೇಳ್ದ.

“ನಿದ್ದಿ ಹತ್ತವಲ್ದು.”

“ಹಾಡ ಯಾರ ಹಚ್ಚಿದ್ರು?”

ಆಯಿ ಅವನ ಮಾರಿ ನೋಡಿದ್ಳು.

“ನಿನಗೂ ಕೇಳಿಸ್ತೇನು?” ಅಂದ್ಳು.

ಆ ಹಾಡಿನ ಸುದ್ದಿ ಹೇಳಬೇಕು ನಿಮಗ. ಎರಡ ಸಾವಿರದ ಆರೋ ಏಳೋ ಇರಬೇಕು. ನಮ್ಮೂರಿಗೆ ಬ್ರಾಡ್‌ಬ್ಯಾಂಡ್ ಆಗಷ್ಟ ಬಂದಿತ್ತು. ಅಭಿಯಣ್ಣ ಗೋಕಾಕದಾಗ ಕಂಪ್ಯೂಟರ್ ರಿಪೇರಿ ಅಂಗಡ್ಯಾಗ ಕೆಲಸಕ್ಕಿದ್ದ. ಹಳೇ ಸಾಮಾನ ಜೋಡಿಸಿ ಮನಿಗೂ ಒಂದು ಕಂಪ್ಯೂಟರ್ ಮಾಡ್ಕೊಂಡ ಬಂದ. ಅದರ ಜೋಡಿ ಬಂದ ಸ್ಪೀಕರ್ ಇಷ್ಟಿಷ್ಟ, ನೊಣಾ ಗುಂಯ್ ಅಂದಂಗ ಅಂತಿದ್ವು. ದೊಡ್ಡಪ್ಪನ ಹಳೇ ಸ್ಟೀರಿಯೋ ಇತ್ತು. ಕ್ಯಾಸೆಟ್ ನುಂಗತಿತ್ತಂತ ಮೂಲ್ಯಾಗ ಇಟ್ಟಿದ್ರು. ಸೊಂಟದಷ್ಟ ಎತ್ತರದ ಎರಡು ಕಟಗಿ ಸ್ಪೀಕರ್ ಬಾಕ್ಸು ಅದಕ್ಕ. ಅಣ್ಣ ಒಂದು ಉದ್ದ ವಾಯರ್ ತಂದು ಕಂಪ್ಯೂಟರಿನಿಂದ ಸ್ಟೀರಿಯೋಕ್ಕ ಜೋಡಿಸಿದ. ಅಬ್ಬಾ... ಎದಿಗೆ ಬಂದ ಬಡೀತಿತ್ತ ದನಿ! ಯಾವ್ಯಾವ ದೇಶದ ರೇಡಿಯೋ ಮೂಡಲಗ್ಯಾಗ ಕುಂತ ಕೇಳೂದು ಅಂದ್ರ ಏನ ಸಣ್ಣ ಮಾತಾ? ಒಬ್ಬಾಕಿ ಯಾವದೋ ಭಾಷಾದಾಗ ಸುದ್ದಿ ಓದಾಕಿ. ಅಕಿ ಏನಂದ್ಳು ಅನ್ನೂದು ತಿಳೀದಿದ್ರೂ ನಾವು ಗಪ್ಪಾಗಿ ಕುಂತ ಕೇಳ್ತಿದ್ವಿ.

ಇದನ್ನೆಲ್ಲಾ ಅಂವ ಹಿಂದಿನ ಖೋಲ್ಯಾಗ ಇಟ್ಟಿದ್ದ. ಅದು ಅಂಗಳದ ಆಚೆ, ಮನಿಯಿಂದ ಬ್ಯಾರೇನ ಇತ್ತು. ಉಳ್ಳಾಗಡ್ಡಿ, ಹೊಟ್ಟಿನ ಚೀಲಾ ಇಡಾಕ ಬಳಸ್ತಿದ್ರು. ಮಣ್ಣಿನ ಗ್ವಾಡಿ, ದಪ್ಪನ್ನ ಸಾಗವಾನಿ ಕದಾ, ಮ್ಯಾಲ ಅಂಗೈ ಅಗಲದ ಒಂದು ಬೆಳಕಿಂಡಿ. ಚಿಲಕ ಮಾತ್ರ... ಹೊರಗ ಇತ್ತು. ಒಳಗ ಇರಲಿಲ್ಲ.

“ಆ ಖೋಲಿ ಬ್ಯಾಡೋ ತಮ್ಮಾ,” ಅಂದಿದ್ಳು ಆಯಿ.

“ಗ್ವಾಡಿ ದಪ್ಪ ಅದಾವ ಆಯಿ. ಸೌಂಡ್ ಹೊರಗ ಹೋಗೂದಿಲ್ಲ.”

ಆ ಮಾತ ಕೇಳಿ ಆಯಿ ಎದ್ದ ಒಳಗ ಹೋದ್ಳು.

ಆ ಕಾಲಕ್ಕ ಲೈನು ನೆಟ್ಟಗ ಬರ್ತಿರಲಿಲ್ಲ. ಹಾಡ ಹಾಡಕೋತ ನಡುವ ನಿಲ್ತಿತ್ತು. ಕಂಪ್ಯೂಟರ್ ಮ್ಯಾಲ ‘ಬಫರಿಂಗ್’ ಅಂತ ಬರ್ತಿತ್ತು. ಅಷ್ಟೊತ್ತು ಬಾಕ್ಸಿನ್ಯಾಗ ಬರೇ ಸುಯ್... ಅಂತ ಸಪ್ಪಳಾ. ಬಾವಿ ಮುಂದ ಹಾಡ ಕೇಳಿದ ಮರುದಿನದಿಂದ ಆ ಸುಯ್ಯಿನ್ಯಾಗ ಬಡಿಯೂದು ಕೇಳಾಕತ್ತಿತು. ಅಣ್ಣ ಮೊದಲ ವಾಯರ್ ಸಡ್ಲ ಆಗ್ಯಾವ ಅಂದ. ತಗದು ಹಾಕಿದ. ಬಾಕ್ಸ್ ಅದಲಬದಲ ಮಾಡ್ದ. ನನ್ನೂ ಕರದು ಕೂಡ್ರಿಸಿಕೊಂಡ.

ಹಾಡ ನಿಂತಿತು. ಸುಯ್...

ದಬ್... ದಬ್...

“ಕೇಳಿಸ್ತೇನು?” ಅಂದ ಅಣ್ಣ, ಕಿವ್ಯಾಗ.

“ಹೂಂ.”

ಆಮ್ಯಾಗ ಒಂದು ಉಸರು. ಒಣಗಿದ ಗಂಟಲದ್ದು. ಪರದೇಶದ ಸ್ಟೇಷನ್ನಿನ್ಯಾಗ, ನಮ್ಮ ಭಾಷಾದಾಗ...

“ಕದಾ ತಗೀರಿ... ನೀರರೆ ಕೊಡ್ರಿ...”

ನಾ ಎದ್ದ ಓಡಿದೆ. ಪಾದರಕ್ಷಿ ಅಲ್ಲೇ ಉಳದ್ವು.

ಅವತ್ತು ಆಯಿ ಮುಂದ ಹೋಗಿ ಕುಂತ್ವಿ. ಅಣ್ಣ ಅಕಿ ಕಿವಿಗೆ ಬಾಯಿ ಹಚ್ಚಿ ಕೇಳ್ದ: “ಆ ಖೋಲ್ಯಾಗ ಯಾರ ಇದ್ರು ಆಯಿ?”

ಆಯಿ ಜಪಾ ಮಾಡೂ ಮಣಿ ಕೈಯಾಗ ಹಿಡದ ಕುಂತಿದ್ಳು. ಮಣಿ ತಿರುಗೂದ ನಿಂತಿತು.

“ನಿಮ್ಮಜ್ಜನ ಅಣ್ಣ. ಜಿನದತ್ತ ಅಂತ. ನಾ ಸೊಸ್ಯಾಗಿ ಬರೂದ್ರಾಗ ಅವರಿಗೆ ತಲಿ ಸರಿ ಇರಲಿಲ್ಲ. ಬಾಳೇ ಮಾಡೂ ಮನಿ, ಹೆಣ್ಮಕ್ಕಳ ಲಗ್ನಾ ಆಗಬೇಕಿತ್ತು... ಅಲ್ಲಿ ಇಟ್ಟಿದ್ರು.”

“ಇಟ್ಟಿದ್ರು ಅಂದ್ರ?”

“ಅಲ್ಲೇ ತೀರಿಕೊಂಡ್ರು,” ಅಂದ್ಳು. ಸೆರಗಿಲೆ ಬಾಯಿ ಮುಚ್ಚಿಕೊಂಡ್ಳು.

ಅಣ್ಣ ಅಂದ, “ನಾಳೆ ಎಲ್ಲಾ ಸಾಮಾನ ಪಡಸಾಲಿಗೆ ತಂದ ಇಡ್ತೇನಿ. ಆ ಖೋಲಿ ಸಾವಾಸ ಬ್ಯಾಡ.”

ಮರುದಿನ ಮನಿ ಮಂದಿ ಎಲ್ಲಾ ಬೆಲ್ಲದ ಬಾಗೇವಾಡಿಗೆ ಒಂದು ನಿಶ್ಚಿತಾರ್ಥಕ್ಕ ಹೋದ್ರು. ಮನ್ಯಾಗ ನಾ, ಆಯಿ, ಅಭಿಯಣ್ಣ. ಹಾಡಾಹಗಲ. ಬಿಸಲು ಧಗಧಗ ಅಂತಿತ್ತು. ಊಟಾ ಆದಮ್ಯಾಲ ಅಣ್ಣ ವಾಯರ್ ಬಿಚ್ಚಾಕ ಹಿಂದಿನ ಖೋಲಿಗೆ ಹೋದ. ನಾ ಪಡಸಾಲ್ಯಾಗ ಜ್ವಾಳ ಹಸನ ಮಾಡ್ಕೋತ ಕುಂತೆ.

ಒಳಗ ಏನಾತು ಅನ್ನೂದು ಅಂವ ಆಮ್ಯಾಲ ಒಂದ ಸಲ ಹೇಳ್ಯಾನ. ಅದನ್ನ ಹೇಳತೇನಿ.

ಬಗ್ಗಿ ವಾಯರ್ ಬಿಚ್ಚಾಕತ್ತಿದ್ದನಂತ. ಬೆನ್ನ ಹಿಂದ ಕದಾ ಕಿರ್ರ್... ಅಂದು ಮುಚ್ಚಿಕೊಂತು. ಹೊರಗ ಚಿಲಕ ಬಿತ್ತು. ಖಟ್.

“ಮೇಘಾ, ಚಾಷ್ಟಿ ಮಾಡಬ್ಯಾಡ. ತಗಿ,” ಅಂದ.

ಸ್ಟೀರಿಯೋದಾಗ ಪಿಯಾನೋ ಚಾಲೂ ಆತು. ಸಣ್ಣಕ.

ಅಂವ ಕಂಪ್ಯೂಟರ್ ಚಾಲೂನ ಮಾಡಿರಲಿಲ್ಲ. ಗ್ವಾಡಿ ಮ್ಯಾಲಿನ ಬಟನ್ ಬಂದ್ ಮಾಡ್ದ. ಸ್ಟೀರಿಯೋದ ಕೆಂಪ ದೀಪ ಆರಿತು. ಹಾಡ ಆರಲಿಲ್ಲ. ವಾಯರ್ ಕಿತ್ತ ಕೈಯಾಗ ಹಿಡಕೊಂಡ. ಹಾಡ ಹಂಗ ಇತ್ತು.

ಆಗ ಒದರಿದ. “ಮೇಘಾ! ಆಯಿ! ಕದಾ ತಗೀರಿ!”

ಹಾಡ ಜೋರ ಆತು.

ಸ್ಟೀರಿಯೋ ಕಡೆ ನೋಡಿದ. ದನಿ ಏರಿಸೂ ಗುಂಡಿ... ತಾನ ತಿರುಗಾಕತ್ತಿತ್ತು. ಯಾರೋ ಎರಡ ಬೆರಳಿಲೆ ಹಿಡದು, ಅವಸರ ಇಲ್ಲದ, ತಿರುವಿದಂಗ. ಅಂವ ಹಿಡದ ಹಿಂದಕ್ಕ ತಿರುವಾಕ ಹೋದ. ಅಲಗಾಡಲಿಲ್ಲ. ಕದಾ ಬಡದು ಇನ್ನೂ ಜೋರ ಒದರಿದ. ಗುಂಡಿ ಇನ್ನೂ ತಿರುಗಿತು. ಬಾಕ್ಸ್ ಗಡಗಡ ನಡಗಾಕತ್ತಿದ್ವು. ಗ್ವಾಡಿ ಮಣ್ಣ ಉದರಿ ಕಣ್ಣಾಗ ಬಿತ್ತು. ತಾ ಒದರೂದು ತನಗ ಕೇಳವಲ್ದು. ಗಂಟಲ ಹರೀತು, ಬಾಯಾಗ ರಕ್ತದ ರುಚಿ ಬಂತು. ಉಸರಿಗೆ ಗಾಳಿ ಸಾಲವಲ್ದಾತು...

ಸಾಕಾಗಿ ಸುಮ್ಮನಾದ. ಹಾಡ ಸಣ್ಣ ಆತು.

ಸಣ್ಣಕ “ಮೇಘಾ...” ಅಂದ. ಗುಂಡಿ ಅಲಗಾಡಿತು.

ಆವಾಗ ಬಾಜೂಕ... ಬಾಕ್ಸಿನ್ಯಾಗ ಅಲ್ಲ, ಬಾಜೂಕ, ಕಿವಿ ಹತ್ರ... ಒಬ್ಬರು ಸಮಾಧಾನಲೆ, ಹಿರೇರು ಹೇಳಿದಂಗ ಹೇಳಿದ್ರಂತ:

“ಒದರಬ್ಯಾಡಪಾ... ಒದರಿದ್ರ ಇನ್ನೂ ಜೋರ ಮಾಡ್ತಾರ.”

ಅಣ್ಣ ಗ್ವಾಡಿಗೆ ಬೆನ್ನ ಹಚ್ಚಿ ಕುಂತುಬಿಟ್ಟ. ಆ ಕಡೆ ನೋಡಲಿಲ್ಲ. ನೋಡೂ ಧೈರ್ಯ ಆಗಲಿಲ್ಲ.

ಹೊರಗ ನನಗೇನ ಕೇಳಿಸಿತ್ತು ಹೇಳ್ರಿ? ಹಾಡು. ಬರೇ ಹಾಡು. ಏರತಿತ್ತು, ಇಳೀತಿತ್ತು. ಕಡೀಗೆ ಒಮ್ಮೆ ಕೇಳೋಣ ಅಂತ ಹಚ್ಚ್ಯಾನ ಅಂದ್ಕೊಂಡೆ. ಬಾಜೂ ಮನಿ ಉದ್ದವ್ವ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ “ಏನವಾ ನಿಮ್ಮಣ್ಣಂದು, ತಲಿ ಸಿಡ್ಯಾಕತ್ತೈತಿ! ಸಣ್ಣ ಮಾಡಂತ ಹೇಳ ಅವಗ” ಅಂದ್ಳು.

ಆಗ ಒಳಗ ಮಲಗಿದ್ದ ಆಯಿ ಎದ್ದ ಬಂದ್ಳು. ಗ್ವಾಡಿ ಹಿಡಕೊಂಡ ನಡಿಯಾಕಿ, ಅವತ್ತು ಏನೂ ಹಿಡೀಲಿಲ್ಲ. ಸೀದಾ ಅಂಗಳಕ್ಕ ಇಳದ್ಳು.

“ಆಯಿ, ಎಲ್ಲಿ ಹೊಂಟಿ?”

“ಯಾರ ಜೋರ ಮಾಡ್ಯಾರ ಅದನ್ನ?” ಅಂದ್ಳು. “ಬ್ಯಾಡ ಅಂತ ಹೇಳು. ಅವರು ನೀರ ಬೇಡಾಕತ್ತಾರ.”

ನಾ ಹಿಂದ ಹೋದೆ. ಚಿಲಕ ಬಿದ್ದಿತ್ತು. ಒಳಗ ಅಣ್ಣ ಅದಾನ, ಹೊರಗ ಚಿಲಕ ಬಿದ್ದೈತಿ... ಯಾರ ಹಾಕಿದ್ರು? ನಾ ಜಗ್ಗಿದೆ. ಬರಲಿಲ್ಲ. ಎರಡೂ ಕೈಲೆ ಜಗ್ಗಿದೆ. ಒಳಗ ಹಾಡ ಎಷ್ಟ ಜೋರ ಇತ್ತಂದ್ರ ಚಿಲಕ ಕೈಯಾಗ ಜುಂ ಅಂತಿತ್ತು.

ಆಯಿ ಕದಕ್ಕ ಹಣಿ ಹಚ್ಚಿ ನಿಂತಳು. ಎಂದೂ ಅಳದಾಕಿ ಅಳಾಕತ್ತಿದ್ಳು.

“ನಾನ... ನಾನ ಜೋರ ಮಾಡಿದ್ದು, ಮೇಘಾ. ಅವರು ಒದರಿದ್ರ ಓಣಿ ಮಂದಿಗೆ ಕೇಳತೈತಿ ಅಂತ ನಮ್ಮತ್ತಿ ರೇಡಿಯೋ ಜೋರ ಮಾಡಾಕ ಹೇಳ್ತಿದ್ಳು. ಹೊಸಾ ಸೊಸಿ ನಾನು. ಅವರು ಒದರೂದು, ನಾ ಗುಂಡಿ ತಿರುವೂದು... ಒಂದ ದಿನಾ ಮುಂಜಾನಿಂದ ಒದರಿದ್ರು. ಸಂಜೀಕ ರೇಡಿಯೋ ಬಂದ್ ಮಾಡೂದ್ರಾಗ... ಖೋಲ್ಯಾಗ ಸಪ್ಪಳಾನ ಇರಲಿಲ್ಲ.”

ಸೆರಗ ತಲಿ ಮ್ಯಾಲ ಎಳಕೊಂಡ್ಳು. ಹಣಿ ಮುಚ್ಚೂ ಹಂಗ, ಮಾರಿ ಕಾಣದಂಗ.

“ಭಾವಾರ,” ಅಂದ್ಳು. “ತಗೀತೇನ್ರಿ.”

ಒಂದ ಬೆರಳ ಹಚ್ಚಿದ್ಳು ನೋಡ್ರಿ ಚಿಲಕಕ್ಕ. ತಗೀತು.

ಹಾಡ ನಿಂತಿತು. ಸಣ್ಣ ಆಗಿ ನಿಲ್ಲಲಿಲ್ಲ... ಕತ್ತರಿಸಿದಂಗ ನಿಂತಿತು. ಅಣ್ಣ ಅಂಬೆಗಾಲಿಲೆ ಹೊರಗ ಬಂದ. ಮಾರಿ ತುಂಬ ಮಣ್ಣು, ಬಾಯಿ ತಗದ್ರ ಬರೇ ಗಾಳಿ. ಆಮ್ಯಾಲ ಎಷ್ಟೋ ದಿನಾ ಅವಗ ದನಿ ಬರಲಿಲ್ಲ. ಗೋಕಾಕದ ಡಾಕ್ಟರು ಗಂಟಲ ನೋಡಿ “ಇಷ್ಟ ಯಾಕ ಒದರಿದೀಪಾ?” ಅಂತ ಕೇಳಿದ್ರು. ಸ್ಟೀರಿಯೋ ದೊಡ್ಡಪ್ಪ ಯಾರಿಗೋ ಕೊಟ್ಟ. ಆ ಕದಾ ಕಿತ್ತ ಹಾಕಿಸಿದ್ರು. ಈಗ ಅಲ್ಲಿ ಕದಾನ ಇಲ್ಲ. ಹೋಗಿ ನೋಡ್ರಿ ಬೇಕಾದ್ರ.

ಆದ್ರ ಅವತ್ತಿಂದ ಒಂದ ಮಾತ ಉಳೀತು.

ಅಣ್ಣ ಹೊರಗ ಬಂದ ಬಿದ್ದಿದ್ದ. ನಾ ಅವನ ತಲಿ ತೊಡಿ ಮ್ಯಾಲ ಇಟ್ಕೊಂಡಿದ್ದೆ. ಆಯಿ ಮಾತ್ರ ಹಂಗ ನಿಂತಿದ್ಳು. ಕದದ ಬಾಜೂಕ ಸರದು, ಗ್ವಾಡಿಗೆ ಅಂಟಿ, ತಲಿ ಬಗ್ಗಿಸಿ, ಸೆರಗ ಹಿಡಕೊಂಡು. ಹಿರೇರು ದಾಟಿ ಹೋಗೂತನಾ ಹೆಣ್ಮಕ್ಕಳು ನಿಲ್ತಾರಲ್ಲಾ... ಹಂಗ.

ಅಂಗಳದಾಗ ನಮ್ಮ ಎಮ್ಮಿ ಹಾದಿಗೆ ಅಡ್ಡ ಮಲಗಿತ್ತು. ಮುದಿ ಎಮ್ಮಿ. ಬಡಿಗಿಲೆ ಬಡದ್ರೂ ಏಳೂದಲ್ಲ. ಅದು ಎದ್ದಿತು. ಯಾರೂ ಏನೂ ಅನಲಿಲ್ಲ, ಹೊಡೀಲಿಲ್ಲ. ಎದ್ದು ಮೇವಿನ ಗ್ವಾದ್ಲಿ ಕಡೆ ಸರದು ಹಾದಿ ಬಿಟ್ಟಿತು. ಕುತ್ತಿಗಿ ತಿರಗಿಸಿ ತಲಬಾಗಲ ತನಾ ನೋಡಿತು. ಆಮ್ಯಾಲ ಆಯಿ ಸೆರಗ ಬಿಟ್ಳು.

ಬಿಸಲಿಗೆ ಕಣ್ಣ ಮಂಜ ಆಗಿತ್ತಂತ ನಮ್ಮವ್ವ ಅಂತಾಳ. ಇಲ್ಲ. ನಾ ಹೋಗಿ ಎಮ್ಮಿ ಮಲಗಿದ್ದ ಜಾಗಾಕ್ಕ ಕೈ ಇಟ್ಟ ನೋಡೇನಿ. ನೆಲಾ ಇನ್ನೂ ಹಸೀನ ಇತ್ತು, ಅದರ ಮೈ ಬೆವರಿಗೆ.