ಒಂದಕ್ಷರಾನೂ ಬಿಡಬ್ಯಾಡ್ರಿ

ಅಲ್ರಿ ಇನ್ಸ್‌ಪೆಕ್ಟರ್ ಸಾಹೇಬ್ರ, ಕಾಪಿ ಅಲ್ರಿ ಅದು! ಏನರ ಅನ್ರಿ, ಕಾಪಿ ಅಂತ ಮಾತ್ರ ಅನಬ್ಯಾಡ್ರಿ... ಹದಿನೇಳು ಮಕ್ಕಳು, ಹದಿನೇಳು ಉತ್ತರದ ಹಾಳಿ, ಎಲ್ಲಾದರಾಗೂ ಅದ ಮಾತು, ಅದ ಸಾಲು. ಒಪ್ಪಿದ್ನಿ. ಆದ್ರ ಒಬ್ಬರದೊಬ್ಬರು ನೋಡಿ ಬರದಿಲ್ರಿ. ಇಮ್ತಿಹಾನ್ ಆದದ್ದು ಯಲಬುರ್ಗ್ಯಾಗ. ಕಾವಲಿಗೆ ಇದ್ದವ್ರು ಬ್ಯಾರೆ ಊರಿನ ಮಾಸ್ತರು. ನಡುವ ಎರಡೆರಡು ಮಳ ಜಾಗ ಬಿಟ್ಟು ಕುಂದ್ರಿಸಿದ್ರು. ಹಂಗಾರ ಎಲ್ಲಾ ಹೆಂಗ ಒಂದ ಆತು ಅಂತೀರಿ? ಅದನ್ನ ಹೇಳಾಕ ನಾ ಕುಂತೀನಿ. ಮೊದಲಿಂದ ಬಿಡಿಸಿ ಹೇಳ್ತೀನಿ. ಸ್ವಲ್ಪ ಉದ್ದ ಆಗತೈತಿ. ಉದ್ದ ಯಾಕ ಅಂದ್ರ, ಬಿಡಿಸಿ ಹೇಳಿದ್ರ ಉದ್ದ ಆಗತೈತಿ, ಅದಕ್ಕ.

ಅದಕ್ಕೂ ಮೊದಲ ಆ ಹಾರದ ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರ ನಿಮ್ಮ ಮನಸಿನ್ಯಾಗ ಉಳೀತೈತಿ. ಚೆಂಡುಹೂವಿನ ಹಾರ ನಿಮಗ ಹಾಕಬೇಕಿತ್ತು, ಬಂಡಿ ಹೊಡಿಯೋ ಆದೆಪ್ಪಗ ಹಾಕಿದ್ನಿ. ಬೇಕಂತ ಹಾಕಿದ್ನಿ! ಕೊಪ್ಪಳದಿಂದ ಇಲ್ಲೀಮಟ ನಿಮ್ಮನ್ನ ಸುಖರೂಪ ತಂದಾವ ಅವ, ಮೊದಲ ಮರ್ಯಾದಿ ಅವಂಗ ಸಲ್ಲಬೇಕಲ್ರಿ... ಯಾಕ ನಗತೀರಿ? ಎತ್ತಿಗೂ ಕೈಮುಗದು "ಹಜೂರ್, ದಯಮಾಡಿಸಬೇಕು" ಅಂದ್ನಂತ? ಅಂದ್ರ ಏನಾತು? ಎಳದದ್ದು ಅದ ಅಲ್ರಿ.

ಮಜ್ಜಿಗಿ ತಗೋರ್ರಿ. ಹಿಂಗ ಹಿಡೀರಿ, ಹಾಕತೀನಿ... ಅಯ್ಯ! ಮೊಣಕಾಲಮ್ಯಾಲೆ ಬಿತ್ತೇನ್ರಿ? ಸುಟ್ಟ ಸುಡಗಾಡ ತಂಬಗಿ, ಬಾಯಿ ಸೊಟ್ಟ ಐತಿ. ಮಾಫಿ ಮಾಡ್ರಿ. ಒರಸಿಕೋರ್ರಿ.

ಈಗ ಟಿಪ್ಪಣಿ ವಿಷಯ. ನಮ್ಮ ಸಾಲಿಗೆ ಒಂದೊಂದು ವಿಷಯಕ್ಕ ಒಂದೊಂದ ಪುಸ್ತಕ. ಇತಿಹಾಸಕ್ಕ ಒಂದು, ಭೂಗೋಳಕ್ಕ ಒಂದು, ಲೆಕ್ಕಕ್ಕ ಒಂದು, ಪೌರನೀತಿಗೆ ಒಂದು, ಆರೋಗ್ಯಶಾಸ್ತ್ರಕ್ಕ ಅರ್ಧ. ಅರ್ಧ ಯಾಕ ಅಂದ್ರ ಉಳಿದರ್ಧ ಇಲಿ ತಿಂದಾವ. ಯುದ್ಧ ಸುರು ಆದಾಗಿಂದ ಪುಸ್ತಕ ಸಿಗವಲ್ವು, ಕಾಗದ ಸಿಗವಲ್ದು. ಹಂಗಾಗಿ ಪುಸ್ತಕ ನೋಡಿ ಟಿಪ್ಪಣಿ ಹೇಳೂದು, ಮಕ್ಕಳು ಬರಕೊಳ್ಳೂದು. ಹತ್ತಿ ಗಿರಣಿಯ ಹಳೇ ಚೀಟಿ ತಂದು ಹಿಂದಿನ ಮಗ್ಗಲಕ ಬರದಾವ. ಬರದದ್ದನ್ನ ಬಾಯಿಪಾಠ ಮಾಡ್ಯಾವ. ಬಾಯಿಪಾಠ ಮಾಡಿದ್ದನ್ನ ಯಲಬುರ್ಗಿಗೆ ಹೋಗಿ ಇಳಿಸ್ಯಾವ. ಇದರಾಗ ಕಾಪಿ ಎಲ್ಲಿ ಬಂತ್ರಿ?

ಮತ್ತ ನಮ್ಮಲ್ಲಿ ಒಂದ ಕಾಯ್ದೆ ಐತಿ. ಟಿಪ್ಪಣಿ ಹೇಳುಮುಂದ ಕಿವಿಗೆ ಬಿದ್ದದ್ದು ಒಂದಕ್ಷರಾನೂ ಬಿಡಬ್ಯಾಡ್ರಿ, ಯಾಕ ಅಂತನೂ ಕೇಳಬ್ಯಾಡ್ರಿ. ಹಿಂದಿನ ವರ್ಷ ಯಮನೂರಪ್ಪನ ಮಗ ಅರ್ಧ ಸಾಲು ಬಿಟ್ಟ. ಪಾಣಿಪತ್‌ದಾಗ ಸತ್ತವ ಗೆದ್ದ, ಗೆದ್ದವ ಸತ್ತ, ಹುಡುಗ ನಪಾಸ! ಅವತ್ತ ಎಲ್ಲಾರ ಕಡೆ ಆಣಿ ಮಾಡಿಸಿದ್ನಿ. ಬಸವಣ್ಣನ ಪಾದ ಮುಟ್ಟಿಸಿ. ಜೈನಾಬೀ ಒಬ್ಬಾಕಿ ಬ್ಯಾರೆ, ಆಕಿ ಅವರ ದರ್ಗಾದ ಕಡೆ ಮುಖ ಮಾಡಿ ಆಣಿ ಮಾಡಿದ್ಲು. ಮಕ್ಕಳು ಆಣಿ ಮುರದಿಲ್ರಿ. ಅವರು ಮಾಡಿದ್ದು ಅಷ್ಟ.

ಕುರ್ಚಿ ಕಿರ್ ಅಂತು... ಒಳಗ ಹೊಳ್ಳಿ ನೋಡಿದ್ರೇನು? ಒಳಗ ನಮ್ಮನ್ಯಾಕಿ ಅದಾಳ, ಗುರುಲಿಂಗವ್ವ. ಸಾಲಿ ಮಾಳಗಿ ಬಿದ್ದಮ್ಯಾಲೆ ನಮ್ಮ ಪಡಸಾಲ್ಯಾಗ ಸಾಲಿ ನಡೀತೈತಿ, ಹಿಂದ ಅಡಗಿಮನಿ. ನಡುವ ಬರೇ ಒಂದು ಬಿದಿರಿನ ತಟ್ಟಿ. ಪಟ ಪಟ ಅನ್ನಾಕತ್ತೈತಲ್ರಿ, ಆಕಿ ರೊಟ್ಟಿ ಬಡಿಯೋ ಸಪ್ಪಳಾ. ಆಕಿಗೂ ಟಿಪ್ಪಣಿಗೂ ಸಂಬಂಧಿಲ್ರಿ. ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಆಕಿಗೆ ಒಂದಕ್ಷರಾ ಬರಂಗಿಲ್ಲ! ಹೆಬ್ಬಟ್ಟು. ಎಮ್ಮಿ, ಒಲಿ, ಕೂಸು, ಮುಗೀತು ಆಕಿ ವಿದ್ಯಾ... ಸಪ್ಪಳಾ ನಿಂತಿತಲ್ಲ? ಹಿಟ್ಟು ಮುಗದಿರಬೇಕು.

ಓದ್ರಿ ಈಗ, ಯಾವ ಸಾಲು ನಿಮಗ ಸರಿ ಕಾಣವಲ್ದು?

"ಔರಂಗಜೇಬನು ಇಪ್ಪತ್ತೈದು ವರ್ಷಗಳ ಕಾಲ ದಖ್ಖನ್ನಿನಲ್ಲಿ ಯುದ್ಧ ಮಾಡಿದನು. ಇದರಿಂದ ಬೊಕ್ಕಸವು ಬರಿದಾಯಿತು. ತಡೀರಿ, ರೊಟ್ಟಿ ಹೊತ್ತಾಕತ್ತೈತಿ." ಬರಾಬರ್ ಐತಲ್ರಿ! ಅಷ್ಟು ದೊಡ್ಡ ಫೌಜು. ಅಡಗಿಯವ್ರು ಉತ್ತರದ ಕಡೆಯವ್ರು, ಗೋದಿ ಬಲ್ಲವ್ರು. ನಮ್ಮ ಜ್ವಾಳದ ರೊಟ್ಟಿ ಅವರಿಗೆ ಹೆಂಗ ಬರಬೇಕು? ಹೊತ್ತೇ ಹೊತ್ತತಾವ. ಹೊಟ್ಟಿಗಿಲ್ಲದ ಸಿಪಾಯಿ ಏನು ಯುದ್ಧ ಮಾಡ್ತಾನ? ಮೊಗಲರ ಪತನಕ್ಕ ಅದೊಂದು ಕಾರಣ. ಪುಸ್ತಕದಾಗ ಇಲ್ಲ ಅಂತೀರಿ... ಟಿಪ್ಪಣಿ ಅಂದ್ರ ಪುಸ್ತಕದಾಗ ಬಿಟ್ಟಿದ್ದನ್ನ ಬಿಡಿಸಿ ಹೇಳೂದಲ್ರಿ!

ಭೂಗೋಳ? ಹೂಂ, ಓದ್ರಿ. "ತುಂಗಭದ್ರಾ ನದಿಯು ಪೂರ್ವಕ್ಕೆ ಹರಿದು ಕೃಷ್ಣಾ ನದಿಯನ್ನು ಸೇರುವುದು. ಕರಿ ಎಮ್ಮಿ ಹಗ್ಗ ಹರಕೊಂಡೈತಿ, ಓಡ್ರಿ, ಓಡ್ರಿ." ಅದು ಹೋಲಿಕಿರಿ! ಮಳಿಗಾಲದಾಗ ಹೊಳಿ ಹೆಂಗ ಬರತೈತಿ? ಹಗ್ಗ ಹರಕೊಂಡ ಎಮ್ಮಿ ಬಂದಂಗ. ದಂಡಿಮ್ಯಾಲೆ ಇದ್ದವ್ರು ಏನ್ ಮಾಡಬೇಕು? ಓಡಬೇಕು. ಹೋಲಿಕಿನೂ ಆತು, ಎಚ್ಚರಿಕಿನೂ ಆತು... ಏನಂದ್ರಿ? ಅಲ್ಲಿಂದ ಮುಂದ ಹದಿನೇಳು ಹಾಳ್ಯಾಗೂ ಒಂದ ಸಾಲೂ ಇಲ್ಲ? ಯಾಕಿಲ್ಲ ಅಂದ್ರ... ಎಲ್ಲಾರೂ ಎಮ್ಮಿ ಹಿಡಿಯಾಕ ಹೋಗಿದ್— ಅಲ್ಲಲ್ಲ! ಹೊಳಿ ಅಲ್ಲಿಗೆ ಮುಗೀತ್ರಿ. ಕೃಷ್ಣಾ ಸೇರಿದಮ್ಯಾಲೆ ತುಂಗಭದ್ರಾ ಎಲ್ಲಿ ಉಳೀತು, ಬರಿಯಾಕ?

ನಗ್ರಿ, ನಗ್ರಿ. ನೀವು ನಗೂದು ಕೇಳಿದ್ರ ನನಗ ಧೈರ್ಯ ಬರತೈತಿ.

ಲೆಕ್ಕ ನೋಡ್ರಿ ಬೇಕಾದ್ರ. "ಆದುದರಿಂದ ಎರಡು ನಳಗಳೂ ಕೂಡಿ ತೊಟ್ಟಿಯನ್ನು ಆರು ತಾಸುಗಳಲ್ಲಿ ತುಂಬುವವು, ಉಪ್ಪು ಸಾಲದು." ತೊಟ್ಟಿ ನೀರಿಗೆ ಉಪ್ಪು ಯಾಕ ಅಂತ ಬಿಡ್ರಿ, ಆರು ತಾಸು ಹೌದೋ ಅಲ್ಲೋ ಅಷ್ಟ ಹೇಳ್ರಿ. ಹೌದಂತೀರಲ್ಲ! ಹದಿನೇಳೂ ಮಕ್ಕಳದು ಆರು ತಾಸು! ಇರಕಲ್ಲಗಡದ ಕಡೆ ಮಕ್ಕಳು ಒಂಬತ್ತು ಅಂತ ಬರದಾರಂತ, ಆದೆಪ್ಪ ಹೇಳಿದ. ಲೆಕ್ಕ ಹೇಳಿದವರು ಎಷ್ಟು ಶ್ಯಾಣ್ಯಾ ಇರಬೇಕು ಅಂತ... ನಾನ. ನಾನ ಹೇಳಿದ್ದು.

ಆರೋಗ್ಯಶಾಸ್ತ್ರ? ಅದು ಅರ್ಧ ಪುಸ್ತಕ ಅಂದ್ನಲ್ರಿ... "ಚಳಿಜ್ವರವು ಸೊಳ್ಳೆಗಳಿಂದ ಹರಡುವುದು. ಸೆರಗು ಬಿಡು ನನ್ನಪ್ಪ, ಎತ್ತಿಕೊಂತೀನಿ."

ಸೆರಗು... ಸೆರಗು ಅಂದ್ರ ಹೆಣಮಕ್ಕಳಿಗೆ ಅಷ್ಟ ಅಂತ ಯಾರು ಹೇಳ್ಯಾರ? ನನ್ನ ಹೆಗಲಮ್ಯಾಲಿನ ವಲ್ಲಿಗೂ ಸೆರಗು ಐತಿ. ಇಲ್ಲಿ, ನೋಡ್ರಿ. ಎಲ್ಲಾ ಅರಿವಿಗೂ ಸೆರಗು ಇರತೈತಿ. ಕೂಸು ಬಂದು ನನ್ನ ವಲ್ಲಿ ಜಗ್ಗಿತು, ನಾನ ಅಂದ್ನಿ. ಟಿಪ್ಪಣಿ ಹೇಳಿದಾವ ನಾ. ಕುರ್ಚಿಮ್ಯಾಲೆ ಪುಸ್ತಕ ಹಿಡಕೊಂಡು ಕುಂತಾವ ನಾ. ಊರಾಗ ಯಾರನ್ನರ ಕೇಳ್ರಿ, ಪುಸ್ತಕ ಯಾರ ಕೈಯಾಗ ಇರತೈತಿ ಅಂತ.

ಅದೇನ್ರಿ ಸಪ್ಪಳಾ? ಚಾಕು... ಪೆನ್ಸಿಲ್ ಕೆತ್ತಾಕತ್ತೀರೇನು? ಯಾವ ಬಣ್ಣದ್ರಿ ಅದು, ಕೆಂಪೇನು? ಸಾಹೇಬ್ರ, ಕೆಂಪ ಇದ್ರ ಒಳಗ ಇಡ್ರಿ. ಕೈ ಮುಗೀತೀನಿ. ಹದಿನೇಳೂ ಹಾಳಿಮ್ಯಾಲೆ ಗೆರಿ ಎಳದು ನಪಾಸ ಅಂತ ಬರದು ಹೋಗಿಬಿಟ್ರ ನಿಮಗ ಒಂದು ಗಳಿಗಿ ಕೆಲಸ. ಆ ಹಂಪವ್ವನ ಮಗಳು ಭೀಮಕ್ಕ ಅದಾಳಲ್ಲ, ಪಾಸಾದ್ರ ಮದಿವಿ ಒಂದು ವರ್ಷ ಮುಂದೂಡ್ತೀವಿ ಅಂತ ಅವರಪ್ಪ ಮಾತು ಕೊಟ್ಟಾನ. ನಪಾಸಾದ್ರ ಬರೋ ತಿಂಗಳ ಅಕ್ಕಿಕಾಳು. ಹತ್ತು ವರ್ಷದಾಕಿರಿ! ಜೈನಾಬೀ ಅವರ ಓಣ್ಯಾಗ ಸಾಲಿ ಕಂಡ ಮೊದಲ್ನೇ ಹುಡುಗಿ. ಆಕಿ ನಪಾಸಾದ್ರ ಎರಡನೇದಾಕಿ ಹುಟ್ಟಂಗಿಲ್ಲ. ಪಕ್ಕೀರಪ್ಪನ ಮಗನ್ನ ಮುಂದ ಓದಾಕ ಗಂಗಾವತಿಗೆ ಕಳಸಾಕ ಬುತ್ತಿ ಗಂಟೂ ಕಟ್ಯಾರ. ನೀವು ಟಿಪ್ಪಣಿ ಹೇಳಿದವರ ಮ್ಯಾಲೆ ಸಿಟ್ಟಾಗ್ರಿ. ಬರಕೊಂಡವರ ಮ್ಯಾಲೆ ಯಾಕ?

ಇನ್ನೊಂದು ಸಾಲಾ? ಎಲ್ಲಿ... ಪೌರನೀತ್ಯಾಗ? ಕಡೀ ಸವಾಲಿನ ಜವಾಬಿನ್ಯಾಗ? ಹದಿನೇಳರಾಗೂ?

ಓದ್ರಿ.

...

ಇನ್ನೊಮ್ಮಿ ಓದ್ರಿ. ಕಿವಿ ಸ್ವಲ್ಪ ಮಂದ.

"ಪೌರನ ಕರ್ತವ್ಯಗಳು: ಸತ್ಯವನ್ನು ನುಡಿಯುವುದು. ನೆರೆಯವರಿಗೆ ನೆರವಾಗುವುದು. ಮಾಸ್ತರಿಗೆ ಕಣ್ಣು ಕಾಣಂಗಿಲ್ಲ ಅನ್ನೂದು ಹೊರಗ ಯಾರಿಗೂ ಹೇಳಬ್ಯಾಡ್ರಿ."

ಹ್ಹ... ಅದು... ಅದು ಉದಾಹರಣಿರಿ. ನೆರವಾಗುವುದು ಅಂದೀವಲ್ಲ, ಅದಕ್ಕ. ಯಾವುದೋ ಊರು, ಯಾವನೋ ಮಾಸ್ತರ, ಅವನ ಕಣ್ಣಾಗ ಪೊರಿ ಬಂದಾವ, ಊರಿನ ಮಕ್ಕಳು ಅವನ ಮಾನ ಕಾಯ್ದಾರ... ಹುಲಿಹೈದರದ ಕಡೆ ಅನ್ಕೋರ್ರಿ. ನನಗೇನಾಗೈತಿ? ನನ್ನ ಕಣ್ಣು ಹದ್ದಿನ ಕಣ್ಣು. ನಿಮ್ಮ ಕೋಟು ಕರೀದು. ಕರೀದಲ್ರಿ? ಸಾಹೇಬ್ರ ಕೋಟು ಕರೀದ ಇರತೈತಿ...

ಈಗರ ನಗ್ರಿ. ಯಾಕ ನಗವಲ್ರಿ?

ಏನ್ರಿ ಇದು ಕೈಯಾಗ ಇಟ್ರಿ? ಹಾಳಿ. ಓದಬೇಕಾ? ಓದತೀನಿ, ಅದಕ್ಕೇನು. ಬೆಳಕಿಗೆ ಹಿಡೀತೀನಿ... ಹಾಂ. "ಪೌರನ ಕರ್ತವ್ಯಗಳು. ಸತ್ಯವನ್ನು ನುಡಿಯುವುದು. ನೆರೆಯವರಿಗೆ ನೆರವಾಗುವುದು. ಕೆರೆ ಬಾವಿಗಳನ್ನು ಹೊಲಸು ಮಾಡದಿರುವುದು." ನೋಡಿದ್ರಿಲ್ಲೋ, ಗಡಗಡ! ಎಂಥಾ ದುಂಡನ ಅಕ್ಷರ. ಭೀಮಕ್ಕನ ಕೈ ಇರಬೇಕು. ಎರಡನೇ ಸಾಲಿನ್ಯಾಗ ಒಂದೀಟು ಮಸಿ ಚೆಲ್ಲ್ಯಾಳ, ಅದು ಬಿಟ್ರ...

ಸಾಹೇಬ್ರ?

ಅದೀರಿಲ್ಲೋ? ಉಸಿರು ಕೇಳಾಕತ್ತೈತಿ. ಏನರ ಅನ್ರಿ. ಬೈರಿ ಬೇಕಾದ್ರ.

...

ತಡೀರಿ. ಟಾಕಿನ ಚೂಪು ಮೊನಿಯಿಂದ ಬರದ್ರ ಕಾಗದಕ್ಕ ಗೀರು ಬಿದ್ದಿರತಾವ, ಬೆರಳಿಗೆ ಹತ್ತತಾವ. ಇದರಾಗ... ಇಲ್ಲ. ಈ ಮಗ್ಗಲಕ? ಇಲ್ಲ. ನುಣ್ಣಗ ಐತಿ.

ಖಾಲಿ ಹಾಳಿ ಕೊಟ್ಟೀರಿ.

ಹಾರ ಆದೆಪ್ಪಗ ಬೇಕಂತ ಹಾಕಿಲ್ರಿ. ನೀವ ಅಂತ ತಿಳದು ಅವಂಗ ಹಾಕಿದ್ನಿ.

ಎರಡು ಮಳಿಗಾಲ ಆತು. ಬೆಳಕು ಕಾಣತೈತಿ, ಬೆಳಕಿನ್ಯಾಗ ಯಾರದಾರ ಕಾಣಂಗಿಲ್ಲ. ಕಚೇರಿಗೆ ಗೊತ್ತಾದ್ರ ನೌಕರಿ ಹೋಗತೈತಿ, ಮಾಸ್ತರಿಲ್ಲ ಅಂತ ಸಾಲಿನೂ ಮುಚ್ಚತಾರ ಅಂತ ಹೆದರಿ ಆಕಿಗೆ ಅಂದ್ನಿ, "ನೀ ಓದಿ ಹೇಳು, ನಾ ಮಕ್ಕಳಿಗೆ ಹೇಳ್ತೀನಿ." ಆಕಿ ಒಲಿ ಮುಂದ ಕುಂತು ಓದೂದು, ನಾ ಕುರ್ಚಿಮ್ಯಾಲೆ ಕುಂತು ಅದನ್ನ ಅನ್ನೂದು. ನಾಕು ದಿನಕ್ಕ ಮಕ್ಕಳು ನನ್ನ ಬಾಯಿ ಕಡೆ ನೋಡೂದ ಬಿಟ್ವು. ತಟ್ಟಿ ಕಡೆ ಕಿವಿ ಇಟ್ವು. ಆಮ್ಯಾಲೆ ನಾ ಬರೇ ತಲಿ ಹಾಕತಿದ್ನಿ. ಆಕಿ ತವರು ಮರಳಿ ಅನ್ನೋ ಊರು. ಅವರಪ್ಪ ಅಲ್ಲಿ ಗುಡಿಕಟ್ಟಿಮ್ಯಾಲೆ ಗಾವಠಿ ಸಾಲಿ ನಡಸ್ತಿದ್ದ, ಮಗಳಿಗೆ ಎಲ್ಲಾ ಕಲಿಸಿದ್ದ. ಆ ಆರು ತಾಸಿನ ಲೆಕ್ಕ... ನನಗ ಇವತ್ತಿಗೂ ಬರಂಗಿಲ್ರಿ. ನನಗ ಒಂಬತ್ತ ಬರತೈತಿ.

ನೌಕರಿ ತಗೋರ್ರಿ. ಗೆರಿ ನನ್ನ ಹೆಸರಿನ ಮ್ಯಾಲೆ ಎಳೀರಿ. ಮಕ್ಕಳ ಹಾಳಿ ಮುಟ್ಟಬ್ಯಾಡ್ರಿ. ಅದರಾಗ ಸುಳ್ಳು ಒಂದಕ್ಷರಾನೂ ಇಲ್ಲ. ರೊಟ್ಟಿ ಹೊತ್ತಿದ್ದು ಖರೆ, ಎಮ್ಮಿ ಹರಕೊಂಡಿದ್ದು ಖರೆ, ಕಡೀ ಸಾಲೂ ಖರೆ. ಸುಳ್ಳು ಅಂದ್ರ ನಾ ಈಗ ಇಲ್ಲಿ ಕುಂತು ಹೇಳಿದ್ದು. ಹೆಬ್ಬಟ್ಟು ಅಂದ್ನಲ್ರಿ ಆಕಿಗೆ... ಅವಾಗ ನಿಂತ ರೊಟ್ಟಿ ಸಪ್ಪಳಾ ಇನ್ನೂ ಸುರು ಆಗಿಲ್ಲ. ಹಿಟ್ಟು ಮುಗದಿಲ್ರಿ.

ಗುರುಲಿಂಗವ್ವಾ... ಹೊರಗ ಬಾ. ಹಂಗ ಬಾ, ಹಿಟ್ಟಿನ ಕೈಲೆ ಬಂದ್ರೂ ನಡೀತೈತಿ. ಇಲ್ಲ, ಸಾಹೇಬ್ರು ಕರದಿಲ್ಲ. ಸಾಹೇಬ್ರು ಏನೂ ಅನವಲ್ರು. ಅದಕ್ಕ ಬಾ ಅಂದ್ನಿ.

ಬರುಮುಂದ ಭೂಗೋಳದ ಪುಸ್ತಕ ತಗೊಂಡ ಬಾ. ಎಮ್ಮಿ ಮುಂದಿಂದು ಇನ್ನೂ ಉಳದೈತಿ.