ಕಂಪ್ಯೂಟರ್ ಕೂಡಿಸಿದ ಮದುವೆ

ಖಾನಾಪುರದಲ್ಲಿ ಮಗನಿಗೊಂದು ಹೆಣ್ಣು ನೋಡಿ, ಮಾತು ಕೂಡದೆ, ಬೇಸರದಿಂದ ಬೆಳಗಾವಿ ಬಸ್ಸು ಹತ್ತಿದ್ದಳು ಶಿವಲಿಂಗವ್ವ. ಮುಂದಿನ ಸೀಟಿನಲ್ಲಿ ಕುಂದಾ ಮಿಠಾಯಿ ಕಾರ್ಖಾನೆಯ ಗುರುಪಾದಪ್ಪನೂ ಅವನಿಗೆ ಹಾಲು ಕಾಸಿ ಖವಾ ಮಾಡಿ ಕೊಡುವ ಬಾಳಕೃಷ್ಣನೂ ಕೂತಿದ್ದರು.

“ಸಾವಕಾರ್ರ, ಈ ವಾರ ನಾಕು ಪಟ್ಟು ಖವಾ ಯಾಕ ಬೇಕ್ರಿ?”

“ನಾ ಕೇಳಿಲ್ಲೋ. ಹೊಸಾ ಕಂಪ್ಯೂಟರ್ ಕೇಳೇತಿ. ಮಾರಾಟದ ಡೇಟಾ ಎಲ್ಲಾ ಅದಕ್ಕ ತಿನಿಸೇನಿ. ಎಷ್ಟು ಕುಂದಾ ಮಾಡಬೇಕು ಅನ್ನೂದು ಇನ್ನ ಅದ ಹೇಳ್ತೈತಿ.”

“ಯಾವ ಆಧಾರದ ಮ್ಯಾಲ?”

“ಹೋದ ವರ್ಷ ಇದ ವಾರ ಭಾರಿ ಕುಂದಾ ಖರ್ಚಾಗೇತಂತ.”

“ಅದು ನಿಮ್ಮ ದೊಡ್ಡ ಮಗಳು ಸಮೃದ್ಧಿ ಮದುವಿರೀ! ಬೀಗರಿಗೆಲ್ಲಾ ಡಬ್ಬಿ ಹಂಚಿದ್ರಲ್ಲ!”

“ಅಯ್ಯ! ಅದನ್ನೂ ಮಾರಾಟ ಅಂತ ತಿಳಕೊಂಡೈತಿ! ಆರ್ಡರ್ ರದ್ದು ಮಾಡೋ ಮಾರಾಯಾ.”

“ಖವಾ ಕಾಸಿ ಇಟ್ಟೇನ್ರಿ. ತಿರುಗಿ ಹಾಲು ಮಾಡಾಕ ಬರತೈತೇನು?”

ಗುರುಪಾದಪ್ಪ ತಲೆ ಕೆರೆದುಕೊಂಡ. ಬಾಳಕೃಷ್ಣನೇ ಮತ್ತೆ ಕೇಳಿದ:

“ಸಣ್ಣ ಮಗಳು ಪೂರ್ಣಿಮಾಗ ವರಾ ಸಿಕ್ತೇನ್ರಿ?”

“ಇನ್ನೂ ಹುಡುಕಾಕತ್ತೇವಿ.”

“ಹಂಗಾರ ಲಗೂ ಹುಡುಕ್ರಿ. ಕಂಪ್ಯೂಟರ್ ಮುಹೂರ್ತ ಇಟ್ಟೈತಿ, ಖವಾ ಭಾಳ ದಿನಾ ತಡ್ಯೂದಿಲ್ಲ.”

ಉದ್ಯಮಬಾಗ ಬಂತು. ಇಬ್ಬರೂ ಇಳಿದರು.

ಶಿವಲಿಂಗವ್ವನ ಸ್ಟಾಪು ಇನ್ನೂ ಮುಂದಿತ್ತು. “ತಡೀಪಾ ಕಂಡಕ್ಟರ್!” ಎಂದವಳೇ, ಮೊಬೈಲಿನಲ್ಲಿ ಮಗನ ಫೋಟೋ ಹುಡುಕುತ್ತ ಅವರ ಹಿಂದೆಯೇ ಇಳಿದುಬಿಟ್ಟಳು.